ನಮ್ಮ ಅಭಿಪ್ರಾಯವನ್ನು ಮಾಧ್ಯಮಗಳು ತಯಾರಿಸುತ್ತವೆಯೇ?

ಪ್ರಶ್ನೆ: ಚುನಾವಣೆ ಹತ್ತಿರ ಬಂತು ಅಂದರೆ ನನ್ನ ಸುತ್ತಲಿನವರೆಲ್ಲ ಟಿವಿಯಲ್ಲಿ ಕೇಳಿದ್ದನ್ನೇ, ಫೋನಿನಲ್ಲಿ ನೋಡಿದ್ದನ್ನೇ ತಮ್ಮ ಅಭಿಪ್ರಾಯ ಅಂತ ಹೇಳತೊಡಗುತ್ತಾರೆ. ಜನಾಭಿಪ್ರಾಯವನ್ನು ಮಾಧ್ಯಮಗಳೇ ತಯಾರಿಸಿ ಕೊಡುವುದಾದರೆ ಪ್ರಜಾಪ್ರಭುತ್ವದಲ್ಲಿ ನಾವು ಸ್ವತಂತ್ರರು ಅನ್ನುವುದಕ್ಕೆ ಏನರ್ಥ? ಸರ್ಕಾರವೇ ಮಾಧ್ಯಮಗಳಿಗೆ ಮೂಗುದಾರ ಹಾಕಬೇಕಲ್ವಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನೀವು ಅಂದುಕೊಂಡಷ್ಟು ಸುಲಭವಾಗಿ ಮಾಧ್ಯಮಗಳು ಜನರ ಮನಸ್ಸು ಬದಲಿಸಲಾರವು. ಅವುಗಳ ನಿಜವಾದ ಬಲ ಇನ್ನೊಂದು ಕಡೆ ಇದೆ. ಯಾವ ವಿಷಯ ನಮ್ಮ ಕಣ್ಣಿಗೆ ಬೀಳಬೇಕು, ಯಾವುದು ಬೀಳಲೇಬಾರದು ಅನ್ನುವುದನ್ನು ಅವು ತೀರ್ಮಾನಿಸುತ್ತವೆ. ನನಗೆ ಚಿಂತೆ ಇರುವುದು ಇದರ ಬಗ್ಗೆಯೇ. ಸರ್ಕಾರದ ಕೈಗೆ ಮೂಗುದಾರ ಕೊಟ್ಟರೆ ಈ ರೋಗ ಇನ್ನೂ ಜಾಸ್ತಿಯಾಗುತ್ತದೆ. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಹೇಳಬೇಕು.

ನಿಮ್ಮ ಭಯ ಹೊಸದಲ್ಲ. ಮೊದಲ ಮಹಾಯುದ್ಧದ ಪ್ರಚಾರ ಯಂತ್ರವನ್ನು ಕಣ್ಣಾರೆ ಕಂಡವರಿಗೆ ಇದೇ ಭಯ ಹುಟ್ಟಿತ್ತು. ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್ 1922ರಲ್ಲೇ ಹೀಗೆ ವಾದಿಸಿದ್ದರು: ಜಗತ್ತು ತುಂಬಾ ದೊಡ್ಡದು, ಅದನ್ನು ಯಾರೂ ನೇರವಾಗಿ ನೋಡಲಾರರು, ಪ್ರತಿಯೊಬ್ಬರೂ ತಮ್ಮ ತಲೆಯೊಳಗಿನ ಚಿತ್ರಗಳಿಗೆ ಪ್ರತಿಕ್ರಿಯಿಸುತ್ತಾರೆ, ಆ ಚಿತ್ರಗಳನ್ನು ಕೊಡುವವರು ಬೇರೆ ಯಾರೋ. ಆಮೇಲೆ ರೇಡಿಯೊ ಬಂತು, ಹಿಟ್ಲರನ ಭಾಷಣಗಳು ಬಂದವು. ಮಾಧ್ಯಮ ಅಂದರೆ ಚುಚ್ಚುಮದ್ದು, ಚುಚ್ಚಿದ ತಕ್ಷಣ ಎಲ್ಲರ ಮೈಗೂ ಏರುತ್ತದೆ ಎಂದು ಆಗ ಬಹಳ ಮಂದಿ ನಂಬಿದ್ದರು.

ಆ ನಂಬಿಕೆಯನ್ನು ಸರಿಯಾಗಿ ಪರೀಕ್ಷೆ ಮಾಡಿದ್ದು 1940ರಲ್ಲಿ. ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಅವರ ಸಂಗಡಿಗರು ಅಮೆರಿಕದ ಓಹಾಯೊ ರಾಜ್ಯದ ಈರಿ ಕೌಂಟಿಯಲ್ಲಿ 600 ಮತದಾರರನ್ನು ಆರಿಸಿಕೊಂಡರು. ಅಧ್ಯಕ್ಷ ಚುನಾವಣೆಯಲ್ಲಿ ಒಂದು ಕಡೆ ರೂಸ್‌ವೆಲ್ಟ್, ಇನ್ನೊಂದು ಕಡೆ ವಿಲ್ಕಿ. ಮೇ ತಿಂಗಳಿಂದ ನವೆಂಬರ್‌ವರೆಗೆ ಅದೇ ಜನರನ್ನು ಮತ್ತೆ ಮತ್ತೆ ಮಾತಾಡಿಸಿದರು. ಪತ್ರಿಕೆ, ರೇಡಿಯೊ ಪ್ರಚಾರದಿಂದ ಒಂದು ಪಕ್ಷ ಬಿಟ್ಟು ಇನ್ನೊಂದಕ್ಕೆ ಹಾರಿದವರು ತೀರಾ ಕಡಿಮೆ. ಬಹಳಷ್ಟು ಜನರಿಗೆ ಪ್ರಚಾರದಿಂದ ಆದದ್ದು ಮೊದಲೇ ಇದ್ದ ಒಲವು ಗಟ್ಟಿಯಾದದ್ದು, ಅಷ್ಟೇ. ಜೊತೆಗೆ ಇನ್ನೊಂದು ಸಂಗತಿಯೂ ಕಂಡಿತು. ಜನ ರೇಡಿಯೊಗಿಂತ ತಮ್ಮ ಪರಿಚಯದವರ ಮಾತಿಗೆ ಜಾಸ್ತಿ ಬೆಲೆ ಕೊಡುತ್ತಿದ್ದರು. ಚೆನ್ನಾಗಿ ಓದಿಕೊಂಡವರು, ರಾಜಕೀಯದ ಬಗ್ಗೆ ಆಸಕ್ತಿ ಇದ್ದವರು ಮಾಧ್ಯಮದಿಂದ ವಿಷಯ ತೆಗೆದುಕೊಂಡು ಉಳಿದವರಿಗೆ ದಾಟಿಸುತ್ತಿದ್ದರು.

ಇಲ್ಲಿ ನಿಮ್ಮ ಪ್ರಶ್ನೆಯ ಒಂದು ಮಾತನ್ನು ಎತ್ತಿ ಹೇಳಬೇಕು. "ನನ್ನ ಸುತ್ತಲಿನವರೆಲ್ಲ" ಎಂದು ಬರೆದಿದ್ದೀರಿ. ಇದು ನಿಮ್ಮೊಬ್ಬರ ಅಭ್ಯಾಸವಲ್ಲ. ಸಮಾಜಶಾಸ್ತ್ರಜ್ಞ ಫಿಲಿಪ್ಸ್ ಡೇವಿಸನ್ 1983ರಲ್ಲಿ ತೋರಿಸಿಕೊಟ್ಟ ಹಾಗೆ, ಮಾಧ್ಯಮದ ಪ್ರಭಾವ ತನಗಿಂತ ಬೇರೆಯವರ ಮೇಲೆ ಜಾಸ್ತಿ ಎಂದೇ ಹೆಚ್ಚಿನವರು ನಂಬುತ್ತಾರೆ. ನಿಮ್ಮ ಸುತ್ತಲಿನವರನ್ನು ಕೇಳಿದರೆ ಅವರೂ ನಿಮ್ಮನ್ನು ಸೇರಿಸಿ ಉಳಿದವರತ್ತ ಬೆರಳು ತೋರಿಸುತ್ತಾರೆ. ಈ ನಂಬಿಕೆಯಿಂದ ಒಂದು ಅಪಾಯವೂ ಇದೆ. "ನನಗೇನೂ ಆಗುವುದಿಲ್ಲ, ಪಾಪ ಜನ ಮೋಸ ಹೋಗುತ್ತಾರೆ" ಎನ್ನುವವರೇ ಸೆನ್ಸಾರ್‌ಶಿಪ್‌ಗೆ ಬೇಗ ಒಪ್ಪುವವರು.

1985ರ ಇನ್ನೊಂದು ಅಧ್ಯಯನ ಇದಕ್ಕಿಂತ ಕುತೂಹಲದ್ದು. 1982ರಲ್ಲಿ ಇಸ್ರೇಲಿನ ಮಿತ್ರ ಪಡೆಯೊಂದು ಪ್ಯಾಲೆಸ್ಟೀನ್ ನಿರಾಶ್ರಿತರನ್ನು ಕೊಂದ, ಲೆಬನಾನಿನ ಸಬ್ರಾ, ಶತಿಲಾ ಹತ್ಯಾಕಾಂಡದ ಬಗ್ಗೆ ಬಂದಿದ್ದ ಟಿವಿ ವರದಿಗಳನ್ನು ಅಮೆರಿಕದ ವಿದ್ಯಾರ್ಥಿಗಳಿಗೆ ತೋರಿಸಿದರು. ಇಸ್ರೇಲ್ ಪರ ಇದ್ದವರೂ ಅರಬರ ಪರ ಇದ್ದವರೂ ನೋಡಿದ್ದು ಅದೇ ವರದಿಗಳನ್ನು. ಎರಡೂ ಕಡೆಯವರು "ಇದು ನಮ್ಮ ವಿರುದ್ಧ ಇದೆ" ಎಂದರು. ಹಾಗಾಗಿ "ಮಾಧ್ಯಮ ಪಕ್ಷಪಾತಿ" ಎಂದು ಯಾರೋ ಕೂಗಿದ ಮಾತ್ರಕ್ಕೆ ಅದು ಸಾಬೀತಾಗುವುದಿಲ್ಲ. ಕೂಗುವವರು ಎಲ್ಲಿ ನಿಂತಿದ್ದಾರೆ ಎಂದೂ ನೋಡಬೇಕು.

ಹಾಗಾದರೆ ಮಾಧ್ಯಮದಿಂದ ಏನೂ ಆಗುವುದಿಲ್ಲ ಅಂತಲೇ? 1950ರ ದಶಕದಲ್ಲಿ ಹಲವು ಪಂಡಿತರು ಹೆಚ್ಚೂ ಕಡಿಮೆ ಹಾಗೇ ಅಂದುಕೊಂಡಿದ್ದರು. ಅವರು ಪ್ರಭಾವವನ್ನು ಹುಡುಕಿದ ಜಾಗ ಸರಿ ಇರಲಿಲ್ಲ.

ಅಮೆರಿಕದ 1968ರ ಅಧ್ಯಕ್ಷ ಚುನಾವಣೆಯ ಹೊತ್ತಿಗೆ ಮ್ಯಾಕ್ಸ್‌ವೆಲ್ ಮೆಕೂಂಬ್ಸ್ ಮತ್ತು ಡೊನಾಲ್ಡ್ ಶಾ ಎಂಬ ಇಬ್ಬರು ಪ್ರಾಧ್ಯಾಪಕರು ಪ್ರಶ್ನೆಯನ್ನೇ ಬದಲಿಸಿದರು. ಯಾರಿಗೆ ಮತ ಎಂದು ಇನ್ನೂ ತೀರ್ಮಾನ ಮಾಡಿರದ 100 ಮತದಾರರನ್ನು ಚಾಪೆಲ್ ಹಿಲ್ ಪಟ್ಟಣದಲ್ಲಿ ಮಾತಾಡಿಸಿದರು. "ಯಾರಿಗೆ ಮತ ಹಾಕುತ್ತೀರಿ" ಎಂಬುದರ ಬದಲು "ದೇಶದ ಮುಖ್ಯ ಸಮಸ್ಯೆಗಳು ಯಾವುವು" ಎಂದು ಕೇಳಿದರು. ಇನ್ನೊಂದು ಕಡೆ, ಆ ಊರಿಗೆ ಬರುತ್ತಿದ್ದ ಪತ್ರಿಕೆ, ಟಿವಿ ಸುದ್ದಿಗಳಲ್ಲಿ ಯಾವ ವಿಷಯಕ್ಕೆ ಎಷ್ಟು ಜಾಗ ಸಿಕ್ಕಿದೆ ಎಂದು ಅಳೆದರು. ಮತದಾರರ ಪಟ್ಟಿ, ಮಾಧ್ಯಮದ ಪಟ್ಟಿ ಎರಡೂ ಹೆಚ್ಚೂ ಕಡಿಮೆ ಒಂದೇ ಆಗಿದ್ದವು.

"ಸಮಸ್ಯೆ ನಿಜವಾಗಿ ದೊಡ್ಡದಿದ್ದರೆ ಮಾಧ್ಯಮದಲ್ಲೂ ದೊಡ್ಡದಾಗಿ ಬರುತ್ತದೆ, ಅದರಲ್ಲೇನು ವಿಶೇಷ?" ಎಂದು ಕೇಳಬಹುದು. ಒಳ್ಳೆಯ ಆಕ್ಷೇಪವೇ. ಇದಕ್ಕೆ ಉತ್ತರ 1973ರಲ್ಲಿ ಬಂತು. ರೇ ಫಂಕ್‌ಹೌಸರ್ ಎಂಬ ಸಂಶೋಧಕ 1960ರ ದಶಕದ ಸುದ್ದಿಗಳನ್ನು, ಜನಾಭಿಪ್ರಾಯ ಸಮೀಕ್ಷೆಗಳನ್ನು, ನಿಜ ಜೀವನದ ಅಂಕಿಅಂಶಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಜನರ ಚಿಂತೆ ಸುದ್ದಿಯ ಏರಿಳಿತದ ಜೊತೆಗೇ ಏರಿಳಿಯುತ್ತಿತ್ತು. ನೆಲದ ಮೇಲಿನ ಪರಿಸ್ಥಿತಿಗೂ ಅದಕ್ಕೂ ಅಷ್ಟು ಹೊಂದಿಕೆ ಇರಲಿಲ್ಲ. ವಿಯೆಟ್ನಾಂ ಯುದ್ಧದ ಸುದ್ದಿ ಉತ್ತುಂಗಕ್ಕೆ ಹೋಗಿ ಇಳಿಯತೊಡಗಿದ್ದು ಯುದ್ಧವೇ ಉತ್ತುಂಗ ತಲುಪುವ ಮೊದಲು.

ಒಂದು ಹೆಜ್ಜೆ ಹತ್ತಿರ ಹೋಗಿ ನೋಡೋಣ. 1980ರ ದಶಕದ ಆರಂಭದಲ್ಲಿ ಶಾಂತೊ ಅಯ್ಯಂಗಾರ್ ಮತ್ತು ಡೊನಾಲ್ಡ್ ಕಿಂಡರ್ ಒಂದು ಜಾಣ ಪ್ರಯೋಗ ಮಾಡಿದರು. ಸಾಮಾನ್ಯ ಜನರನ್ನು ಕರೆಸಿ, ಕೆಲವು ದಿನ ಸತತವಾಗಿ ಟಿವಿ ಸುದ್ದಿ ತೋರಿಸಿದರು. ನೋಡುವವರಿಗೆ ಅದು ಹಿಂದಿನ ಸಂಜೆಯ ಮಾಮೂಲಿ ಬುಲೆಟಿನ್. ಆದರೆ ಅದರೊಳಗೆ ಹಳೆಯ ವರದಿಗಳನ್ನು ಹೊಲಿದಂತೆ ಸೇರಿಸಿದ್ದರು. ಒಂದು ಗುಂಪಿಗೆ ದಿನವೂ ದೇಶದ ರಕ್ಷಣಾ ವ್ಯವಸ್ಥೆ ದುರ್ಬಲವಾಗಿದೆ ಎಂಬ ವರದಿ. ಇನ್ನೊಂದು ಗುಂಪಿಗೆ ಅದು ಇಲ್ಲ. ಕೊನೆಯಲ್ಲಿ ಕೇಳಿದಾಗ, ಮೊದಲ ಗುಂಪಿನವರಿಗೆ ರಕ್ಷಣೆ ದೇಶದ ದೊಡ್ಡ ಸಮಸ್ಯೆಗಳ ಸಾಲಿಗೆ ಏರಿತ್ತು. ಅಷ್ಟೇ ಆಗಿದ್ದರೆ ಬಿಡಬಹುದಿತ್ತು. ಅಧ್ಯಕ್ಷ ಕಾರ್ಟರ್ ಹೇಗೆ ಕೆಲಸ ಮಾಡುತ್ತಿದ್ದಾರೆ ಎಂದು ಕೇಳಿದರೆ, ಈ ಗುಂಪಿನವರು ಅವರನ್ನು ಅಳೆದದ್ದೂ ಹೆಚ್ಚಾಗಿ ರಕ್ಷಣೆಯ ವಿಷಯದಲ್ಲೇ. ಕಾರ್ಟರ್ ಒಳ್ಳೆಯವರು, ಕೆಟ್ಟವರು ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ತೀರ್ಪು ಅವರದೇ. ಅಳತೆಗೋಲನ್ನು ಮಾತ್ರ ಬೇರೆಯವರು ಕೈಗೆ ಕೊಟ್ಟಿದ್ದರು.

ಇದು ಲ್ಯಾಬಿನ ಮಾತು ಅನ್ನಿಸಬಹುದು. ಹಾಗಿದ್ದರೆ 2020ರ ಪ್ರಯೋಗ ನೋಡಿ. ಈ ವಿಷಯದಲ್ಲಿ ನನಗೆ ಗೊತ್ತಿರುವ ಅತ್ಯಂತ ಸ್ಪಷ್ಟವಾದ ಪುರಾವೆ ಅದು. ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಲ್ಲಾ ಎಂಬ ಅಮೆರಿಕದ ರಾಜಕೀಯ ವಿಜ್ಞಾನಿಗಳು, ಟ್ರಂಪ್ ಅವರ ರಿಪಬ್ಲಿಕನ್ ಪಕ್ಷದತ್ತ ವಾಲುವ ಫಾಕ್ಸ್ ನ್ಯೂಸ್ ಚಾನೆಲ್ಲಿನ ಕಾಯಂ ವೀಕ್ಷಕರನ್ನು ಹುಡುಕಿದರು. ಅವರಲ್ಲಿ ಕೆಲವರನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಸೆಪ್ಟೆಂಬರ್ ತಿಂಗಳು ಪೂರ್ತಿ ಅದರ ಬದಲು ಸಿಎನ್‌ಎನ್ ನೋಡಿ ಎಂದು ಗಂಟೆಗೆ 15 ಡಾಲರ್ ಕೊಟ್ಟರು. ನಿಜವಾಗಿ ನೋಡಿದ್ದಾರೋ ಇಲ್ಲವೋ ತಿಳಿಯಲು ಆಗಾಗ ರಸಪ್ರಶ್ನೆ ಕೇಳಿದರು.

ಆ ತಿಂಗಳು ಒಂದೇ ದೇಶದ ಎರಡು ಚಾನೆಲ್‌ಗಳಲ್ಲಿ ಎರಡು ಬೇರೆ ಬೇರೆ ದೇಶಗಳು ಇದ್ದವು. ಸಿಎನ್‌ಎನ್‌ನಲ್ಲಿ ಕೋವಿಡ್ ಬಹಳ ಬಂತು. ಫಾಕ್ಸ್‌ನಲ್ಲಿ ಕಪ್ಪು ಜನರ ಮೇಲಿನ ಪೊಲೀಸ್ ದೌರ್ಜನ್ಯದ ವಿರುದ್ಧದ ಪ್ರತಿಭಟನೆಗಳು, ಅವುಗಳ ಜೊತೆಗಿನ ಹಿಂಸೆ ಬಹಳ ಬಂತು. ತಿಂಗಳು ಮುಗಿದಾಗ, ಚಾನೆಲ್ ಬದಲಿಸಿದವರ ಪಕ್ಷನಿಷ್ಠೆ ಬುಡಮೇಲಾಗಿರಲಿಲ್ಲ. ಆದರೆ ಅವರಿಗೆ ಗೊತ್ತಿದ್ದ ಸಂಗತಿಗಳೇ ಬೇರೆಯಾಗಿದ್ದವು. ಕೆಲವು ವಿಷಯಗಳಲ್ಲಿ ಧೋರಣೆಯೂ ಮೆತ್ತಗಾಗಿತ್ತು. ಅಂಚೆ ಮೂಲಕ ಮತ ಹಾಕುವುದನ್ನು ಒಪ್ಪುವವರು ಹೆಚ್ಚಿದ್ದರು. ನನ್ನ ಮನಸ್ಸಿನಲ್ಲಿ ಉಳಿದಿರುವ ಫಲಿತಾಂಶ ಇನ್ನೊಂದು. ಟ್ರಂಪ್ ಏನಾದರೂ ತಪ್ಪು ಮಾಡಿದರೆ ಫಾಕ್ಸ್ ಅದನ್ನು ತೋರಿಸಲಿಕ್ಕಿಲ್ಲ ಎಂದು ಒಪ್ಪುವವರ ಸಂಖ್ಯೆ ಈ ಗುಂಪಿನಲ್ಲಿ ಜಾಸ್ತಿ ಇತ್ತು. ತಾವು ಏನನ್ನು ನೋಡುತ್ತಿರಲಿಲ್ಲ ಎಂಬುದು ಅವರಿಗೆ ಆಗ ಕಂಡಿತು. ದುಡ್ಡು ಕೊಡುವುದು ನಿಂತ ಮೇಲೆ ಅವರು ಹಳೆಯ ಚಾನೆಲ್‌ಗೇ ಮರಳಿದರು. ಎರಡು ತಿಂಗಳು ಕಳೆಯುವಷ್ಟರಲ್ಲಿ ಬದಲಾವಣೆಗಳು ಬಹುಮಟ್ಟಿಗೆ ಮಾಸಿದ್ದವು.

ಸುಳ್ಳು ಸುದ್ದಿಯ ಬಗ್ಗೆ ನಾವು ತುಂಬಾ ಮಾತಾಡುತ್ತೇವೆ, ಸರಿಯೇ. ಆದರೆ ಒಂದೇ ಒಂದು ಸುಳ್ಳು ಹೇಳದೆಯೂ ಇಡೀ ಸಮಾಜಕ್ಕೆ ಅರ್ಧ ಜಗತ್ತನ್ನು ಮಾತ್ರ ತೋರಿಸಬಹುದು. ಸುಳ್ಳನ್ನು ಯಾರಾದರೂ ಹಿಡಿಯಬಹುದು. ಬರದೇ ಇದ್ದ ಸುದ್ದಿಯನ್ನು ಹಿಡಿಯುವುದು ಹೇಗೆ?

ಸುದ್ದಿ ಹೇಳುವ ಬಗೆಯೂ ಲೆಕ್ಕಕ್ಕೆ ಬರುತ್ತದೆ, ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಬಡತನದ ಸುದ್ದಿಯನ್ನು ಒಬ್ಬ ಬಡವನ ಕತೆಯಾಗಿ ತೋರಿಸಿದರೆ ನೋಡುಗರು ಅವನನ್ನೇ ಹೊಣೆ ಮಾಡುವುದು ಜಾಸ್ತಿ. ಉದ್ಯೋಗ, ನೀತಿ, ಅಂಕಿಅಂಶಗಳ ಜೊತೆ ತೋರಿಸಿದರೆ ಸರ್ಕಾರವನ್ನು, ಸಮಾಜವನ್ನು ಕೇಳುವುದು ಜಾಸ್ತಿ. ಇದನ್ನು ತೋರಿಸಿದವರೂ ಅಯ್ಯಂಗಾರ್ ಅವರೇ. ಹಾಗೆಯೇ, ಒಂದು ಮಾತು ಪದೇ ಪದೇ ಕಿವಿಗೆ ಬಿದ್ದರೆ ಅದು ನಿಜ ಅನ್ನಿಸತೊಡಗುತ್ತದೆ ಎಂಬುದು 1977ರಿಂದಲೂ ಪ್ರಯೋಗಗಳಲ್ಲಿ ಕಂಡಿರುವ ಸಂಗತಿ.

ಪ್ರಭಾವ ಚಿಕ್ಕದಾದರೂ ಪರಿಣಾಮ ದೊಡ್ಡದಾಗಬಹುದು ಎಂಬುದನ್ನೂ ಮರೆಯಬಾರದು. ಫಾಕ್ಸ್ ನ್ಯೂಸ್ ಶುರುವಾದದ್ದು 1996ರಲ್ಲಿ. ಎಲ್ಲ ಊರುಗಳ ಕೇಬಲ್‌ಗೂ ಅದು ಒಂದೇ ಸಲ ತಲುಪಲಿಲ್ಲ. ತಲುಪಿದ ಊರು, ತಲುಪದ ಊರುಗಳನ್ನು ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಈಥನ್ ಕಪ್ಲಾನ್ ಹೋಲಿಸಿ ನೋಡಿದರು. 2000ದ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷಕ್ಕೆ ಬಂದ ಲಾಭ ಶೇಕಡಾ 0.4ರಿಂದ 0.7ರಷ್ಟು ಮತ ಎಂದು ಅವರು ಲೆಕ್ಕ ಹಾಕಿದರು. ಎಷ್ಟು ಕಡಿಮೆ, ಅಲ್ವಾ? ಆದರೆ ಆ ವರ್ಷ ಫ್ಲಾರಿಡಾ ರಾಜ್ಯದಲ್ಲಿ ಗೆಲುವಿನ ಅಂತರ 537 ಮತ. ಅಧ್ಯಕ್ಷ ಯಾರು ಎಂಬುದು ತೀರ್ಮಾನವಾದದ್ದು ಆ ರಾಜ್ಯದಿಂದ.

ಈಗ ಸ್ವಾತಂತ್ರ್ಯದ ಪ್ರಶ್ನೆಗೆ ಬರೋಣ. ಕಣ್ಣಿಗೆ ಬೀಳದಂತೆ ಮಾಡುವುದೇ ಮಾಧ್ಯಮದ ದೊಡ್ಡ ಬಲವಾದರೆ, ಆ ಬಲವನ್ನು ಕೊಂಡುಕೊಳ್ಳಲು ಯಾರಾದರೂ ಬಂದೇ ಬರುತ್ತಾರೆ. ಅದರ ಬೆಲೆ ಎಷ್ಟು? ವಿಚಿತ್ರವೆಂದರೆ ಇದಕ್ಕೆ ನಿಖರವಾದ ದಾಖಲೆ ಇದೆ. ಅದು ಸಿಕ್ಕಿದ್ದು ಪೆರು ದೇಶದಲ್ಲಿ.

1990ರ ದಶಕದಲ್ಲಿ ಅಲ್ಲಿ ಅಲ್ಬೆರ್ತೊ ಫುಜಿಮೊರಿ ಅಧ್ಯಕ್ಷರು. ಗುಪ್ತಚರ ವ್ಯವಸ್ಥೆಯನ್ನು ಕೈಯಲ್ಲಿಟ್ಟುಕೊಂಡಿದ್ದವರು ವ್ಲಾದಿಮಿರೊ ಮೊಂತೆಸಿನೊಸ್. ಹೊರಗಿನಿಂದ ನೋಡಿದರೆ ಎಲ್ಲ ಇತ್ತು: ಸಂವಿಧಾನ, ಸಂಸತ್ತು, ವಿರೋಧ ಪಕ್ಷ, ನ್ಯಾಯಾಲಯ, ಖಾಸಗಿ ಟಿವಿ. ಒಳಗಿನಿಂದ ಮೊಂತೆಸಿನೊಸ್ ಒಂದೊಂದನ್ನೂ ದುಡ್ಡು ಕೊಟ್ಟು ಕೊಂಡುಕೊಂಡಿದ್ದರು. ಕೊಟ್ಟ ಲಂಚಕ್ಕೆ ರಸೀದಿ ಬರೆಸಿಕೊಳ್ಳುತ್ತಿದ್ದರು, ಕೊಡುವುದನ್ನು ವಿಡಿಯೊ ಮಾಡಿಸುತ್ತಿದ್ದರು. ಈ ದಾಖಲೆಗಳು ಆಮೇಲೆ ಹೊರಬಂದಾಗ ಜಾನ್ ಮೆಕ್‌ಮಿಲನ್ ಮತ್ತು ಪಾಬ್ಲೊ ಸೊಯಿಡೊ ಎಂಬ ಅರ್ಥಶಾಸ್ತ್ರಜ್ಞರು ಕೂತು ಲೆಕ್ಕ ಮಾಡಿದರು. ನ್ಯಾಯಾಧೀಶರಿಗೆ ಒಂದು ದರ. ರಾಜಕಾರಣಿಗಳಿಗೆ ಅದಕ್ಕಿಂತ ಸ್ವಲ್ಪ ಜಾಸ್ತಿ. ಟಿವಿ ಚಾನೆಲ್ಲಿನ ಮಾಲೀಕನಿಗೆ ರಾಜಕಾರಣಿಯ ಸುಮಾರು 100 ಪಟ್ಟು.

ಯಾಕೆ ಅಷ್ಟು? ಸಂಸತ್ತಿನಲ್ಲಿ ಬಹುಮತ ಸಿಕ್ಕರೆ ಸಾಕು, ಉಳಿದವರು ಏನು ಕೂಗಿದರೂ ನಡೆಯುತ್ತದೆ. ಟಿವಿಯಲ್ಲಿ ಹಾಗಲ್ಲ. ಹತ್ತರಲ್ಲಿ ಒಂಬತ್ತು ಚಾನೆಲ್ ಕೊಂಡರೂ ಉಳಿದ ಒಂದು ಚಾನೆಲ್ ನಿಜ ತೋರಿಸಿಬಿಟ್ಟರೆ ಕೊಟ್ಟ ದುಡ್ಡೆಲ್ಲ ನೀರಿಗೆ. ಹಾಗಾಗಿ ಪ್ರತಿ ಮಾಲೀಕನೂ ಕೇಳಿದ್ದೇ ಬೆಲೆ. ಒಂದು ಚಾನೆಲ್ಲಿನ ಜೊತೆ ಲಿಖಿತ ಒಪ್ಪಂದವೇ ಆಗಿತ್ತು: ದಿನದ ಸುದ್ದಿ ಪ್ರಸಾರವಾಗುವ ಮೊದಲು ಮೊಂತೆಸಿನೊಸ್ ನೋಡಿ ಒಪ್ಪಬೇಕು.

ದುಡ್ಡಿಗೆ ಬಗ್ಗದವರಿಗೆ ಕಾನೂನು ಇತ್ತು. ಬಾರೂಕ್ ಇವ್ಚೆರ್ ಎಂಬವರು ಒಂದು ಚಾನೆಲ್ಲಿನ ದೊಡ್ಡ ಪಾಲುದಾರ. ಇಸ್ರೇಲ್‌ನಲ್ಲಿ ಹುಟ್ಟಿ ಪೆರುವಿನ ಪೌರತ್ವ ಪಡೆದವರು. ಸೇನೆಯ ಗುಪ್ತಚರರ ಚಿತ್ರಹಿಂಸೆಯ ಬಗ್ಗೆ ಅವರ ಚಾನೆಲ್ ವರದಿ ಮಾಡಿತು. 1997ರಲ್ಲಿ ಸರ್ಕಾರ ಅವರ ಪೌರತ್ವವನ್ನೇ ಕಿತ್ತುಕೊಂಡಿತು. ವಿದೇಶಿಯರು ಟಿವಿ ಚಾನೆಲ್ ನಡೆಸುವಂತಿಲ್ಲ ಎಂಬ ನಿಯಮ ಮೊದಲೇ ಇತ್ತು. ಚಾನೆಲ್ಲಿನ ಹಿಡಿತ ಸರ್ಕಾರಕ್ಕೆ ಬೇಕಾದ ಪಾಲುದಾರರಿಗೆ ಹೋಯಿತು. ಸೆನ್ಸಾರ್ ಎಂಬ ಮಾತನ್ನು ಎಲ್ಲೂ ಬಳಸಬೇಕಾಗಿ ಬರಲಿಲ್ಲ.

ಮೊಂತೆಸಿನೊಸ್ ಕೊಂಡುಕೊಳ್ಳದೆ ಬಿಟ್ಟ ಒಂದು ಚಾನೆಲ್ ಇತ್ತು. ಕನಾಲ್ ಎನ್ ಅಂತ ಹೆಸರು. ದುಡ್ಡು ಕೊಟ್ಟು ಕೇಬಲ್ ಹಾಕಿಸಿಕೊಂಡವರು ಮಾತ್ರ ನೋಡುವ ಚಿಕ್ಕ ಸುದ್ದಿ ಚಾನೆಲ್. 2000ದ ಸೆಪ್ಟೆಂಬರ್ 14ರಂದು ಅದು ಒಂದು ವಿಡಿಯೊ ಪ್ರಸಾರ ಮಾಡಿತು. ವಿರೋಧ ಪಕ್ಷದಿಂದ ಗೆದ್ದಿದ್ದ ಸಂಸದನೊಬ್ಬನಿಗೆ ಮೊಂತೆಸಿನೊಸ್ ನೋಟಿನ ಕಟ್ಟು ಎಣಿಸಿ ಕೊಡುವ ದೃಶ್ಯ. ಅದಾದ ಮೇಲೆ ಉಳಿದ ಚಾನೆಲ್‌ಗಳೂ ಸುಮ್ನೆ ಕೂರಲು ಆಗಲಿಲ್ಲ. ನವೆಂಬರ್‌ನಲ್ಲಿ ಫುಜಿಮೊರಿ ಜಪಾನಿನಿಂದ ಫ್ಯಾಕ್ಸ್ ಮೂಲಕ ರಾಜೀನಾಮೆ ಕಳಿಸಿದರು. ಹತ್ತು ವರ್ಷದ ಆಡಳಿತ ಎರಡು ತಿಂಗಳಲ್ಲಿ ಕುಸಿಯಿತು.

ನಿಮ್ಮ "ಮೂಗುದಾರ" ಎಂಬ ಮಾತಿಗೆ ನಾನು ತಲೆದೂಗಲಾರೆ ಎನ್ನುವುದು ಇದಕ್ಕೇ. ಅಧಿಕಾರದಲ್ಲಿ ಇರುವವರಿಗೆ ಎಲ್ಲಕ್ಕಿಂತ ದುಬಾರಿಯಾಗಿ ಕಾಣುವುದು ತಮ್ಮ ತಪ್ಪು ಜನರ ಕಣ್ಣಿಗೆ ಬೀಳುವುದು. ಅವರ ಕೈಗೇ ತೋರಿಸುವ, ಮುಚ್ಚುವ ಅಧಿಕಾರ ಕೊಟ್ಟರೆ ಏನು ಮಾಡುತ್ತಾರೆ ಎಂದು ಊಹಿಸಬೇಕಾಗಿಲ್ಲ. ಭಾರತದಲ್ಲಿ 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಜಾರಿಯಾದಾಗ ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ದೆಹಲಿಯ ಬಹದ್ದೂರ್ ಷಾ ಜಫರ್ ಮಾರ್ಗದ ಪತ್ರಿಕಾ ಕಚೇರಿಗಳ ಕರೆಂಟ್ ತೆಗೆದದ್ದು. ಮುದ್ರಣ ಯಂತ್ರ ತಿರುಗದಿದ್ದರೆ ಬೆಳಿಗ್ಗೆ ಜನರಿಗೆ ಬಂಧನಗಳ ಸುದ್ದಿಯೇ ಸಿಗುವುದಿಲ್ಲ.

ಈಗ ಕರೆಂಟ್ ತೆಗೆಯುವ ಅಗತ್ಯ ಬರುವುದು ಅಪರೂಪ. ಸರ್ಕಾರಿ ಜಾಹೀರಾತು ನಿಲ್ಲಿಸಿದರೆ ಸಾಕು. ಪರವಾನಗಿ ನವೀಕರಣ ತಡ ಮಾಡಿದರೆ ಸಾಕು. ಅಧಿಕಾರದ ಹತ್ತಿರದ ಉದ್ಯಮಿಗಳು ಒಂದೊಂದೇ ಚಾನೆಲ್ ಕೊಂಡರೂ ಸಾಕು. ಹಂಗೇರಿಯಲ್ಲಿ 2018ರ ನವೆಂಬರ್‌ನಲ್ಲಿ ಸರ್ಕಾರದ ಪರವಾಗಿದ್ದ ಮಾಲೀಕರು 400ಕ್ಕೂ ಹೆಚ್ಚು ಮಾಧ್ಯಮ ಸಂಸ್ಥೆಗಳನ್ನು ಒಂದೇ ಪ್ರತಿಷ್ಠಾನಕ್ಕೆ ದಾನವಾಗಿ ಕೊಟ್ಟುಬಿಟ್ಟರು. ಯಾವ ಪತ್ರಕರ್ತನನ್ನೂ ಅದಕ್ಕಾಗಿ ಜೈಲಿಗೆ ಹಾಕಬೇಕಾಗಲಿಲ್ಲ. ಮಾರುಕಟ್ಟೆಗೆ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೂ ಇದರಲ್ಲಿ ಪಾಠ ಇದೆ. ಮಾಲೀಕನ ಇತರ ವ್ಯಾಪಾರಗಳು ಸರ್ಕಾರದ ಕೃಪೆಯ ಮೇಲೆ ನಿಂತಿದ್ದರೆ, ಅವನ ಚಾನೆಲ್ ಹೆಸರಿಗಷ್ಟೇ ಖಾಸಗಿ.

ಮುಚ್ಚಿಟ್ಟರೆ ಆಗುವ ನಷ್ಟ ಬರೀ ಚುನಾವಣೆಯದ್ದಲ್ಲ. 1943ರ ಬಂಗಾಳದ ಬರಗಾಲವನ್ನು ನೆನೆಯಿರಿ. ಬ್ರಿಟಿಷ್ ಸರ್ಕಾರ ಅದನ್ನು ಬರಗಾಲ ಎಂದು ಒಪ್ಪಲೇ ತಯಾರಿರಲಿಲ್ಲ. ಆಗಸ್ಟ್‌ನಲ್ಲಿ ಕಲ್ಕತ್ತದ ದಿ ಸ್ಟೇಟ್ಸ್‌ಮನ್ ಪತ್ರಿಕೆ, ಅದೂ ಬ್ರಿಟಿಷರದೇ ಪತ್ರಿಕೆ, ಸಂಪಾದಕ ಇಯಾನ್ ಸ್ಟೀಫನ್ಸ್ ಅವರ ತೀರ್ಮಾನದಂತೆ ಬೀದಿಯಲ್ಲಿ ಸಾಯುತ್ತಿದ್ದವರ ಫೋಟೊ ಹಾಕಿತು. ಅಲ್ಲಿಂದ ಮುಂದೆ ಲಂಡನ್ನಿಗೆ, ದೆಹಲಿಗೆ ಕಣ್ಣು ಮುಚ್ಚಿ ಕೂರುವುದು ಕಷ್ಟವಾಯಿತು. ಅಷ್ಟರಲ್ಲಿ ಲಕ್ಷಾಂತರ ಜನ ಸತ್ತಾಗಿತ್ತು. ಮುಕ್ತ ಪತ್ರಿಕೆಗಳಿರುವ, ಸರಿಯಾಗಿ ನಡೆಯುವ ಪ್ರಜಾಪ್ರಭುತ್ವದಲ್ಲಿ ದೊಡ್ಡ ಬರಗಾಲ ಆಗಿಲ್ಲ ಎಂಬುದು ಅಮರ್ತ್ಯ ಸೇನ್ ಅವರ ಪ್ರಸಿದ್ಧ ವಾದ. ಅವರು ಎದುರಿಗೆ ಇಡುವ ಉದಾಹರಣೆ 1958ರಿಂದ 1961ರವರೆಗಿನ ಚೀನಾ. ಅಲ್ಲಿ ಕೋಟಿಗಟ್ಟಲೆ ಜನ ಹಸಿವಿನಿಂದ ಸತ್ತರು. ಸ್ಥಳೀಯ ಅಧಿಕಾರಿಗಳು ಬೆಳೆ ಬಂಪರ್ ಬಂದಿದೆ ಎಂದು ಲೆಕ್ಕ ಕಳಿಸುತ್ತಿದ್ದರು, ಅದನ್ನು ಪ್ರಶ್ನಿಸುವ ಪತ್ರಿಕೆ ಒಂದೂ ಇರಲಿಲ್ಲ. ಜನರ ಕಣ್ಣು ಕಟ್ಟಿದ ಸರ್ಕಾರ ತನ್ನ ಕಣ್ಣನ್ನೂ ಕಟ್ಟಿಕೊಂಡಿತ್ತು.

ದೈನಂದಿನ ಆಡಳಿತದಲ್ಲೂ ಇದು ಕಾಣುತ್ತದೆ. ಭಾರತದ ರಾಜ್ಯಗಳನ್ನು ಹೋಲಿಸಿ ನೋಡಿದ ಟಿಮ್ ಬೆಸ್ಲಿ ಮತ್ತು ರಾಬಿನ್ ಬರ್ಜೆಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಪತ್ರಿಕೆಗಳ ಪ್ರಸಾರ ಹೆಚ್ಚಿರುವ ರಾಜ್ಯಗಳ ಸರ್ಕಾರಗಳು ಬೆಳೆ ಕೈಕೊಟ್ಟಾಗ, ಪ್ರವಾಹ ಬಂದಾಗ ಪರಿಹಾರಕ್ಕೆ ಜಾಸ್ತಿ ಸ್ಪಂದಿಸಿದವು. ಅಮೆರಿಕದಲ್ಲಿ ಊರಿನ ಪತ್ರಿಕೆ ಮುಚ್ಚಿದ ಮೇಲೆ ಆ ಊರಿನ ಸ್ಥಳೀಯ ಸಂಸ್ಥೆಗಳು ಸಾಲಕ್ಕೆ ತೆರುವ ಬಡ್ಡಿ ಶೇಕಡಾ 0.05ರಿಂದ 0.11ರಷ್ಟು ಏರಿತು. ಲೆಕ್ಕಪತ್ರ ನೋಡುವವರು ಇಲ್ಲದ ಊರಿಗೆ ಸಾಲ ಕೊಡುವುದು ಜಾಸ್ತಿ ಅಪಾಯ ಎಂದು ಹೂಡಿಕೆದಾರರು ತೀರ್ಮಾನಿಸಿದರು, ಅಷ್ಟೇ.

ಸಾಮಾಜಿಕ ಜಾಲತಾಣ ಬಂದ ಮೇಲೆ ಇದೆಲ್ಲ ಹಳತಾಯಿತು, ಈಗ ಏನನ್ನೂ ಮುಚ್ಚಿಡಲು ಆಗುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ನಾನು ಅಷ್ಟು ಧೈರ್ಯವಾಗಿ ಹೇಳಲಾರೆ. ಮೊದಲು ಯಾವ ಸುದ್ದಿ ಮುಂದೆ ಬರಬೇಕು ಎಂದು ಸಂಪಾದಕರು ತೀರ್ಮಾನಿಸುತ್ತಿದ್ದರು, ಅವರ ಹೆಸರು, ವಿಳಾಸ ಪತ್ರಿಕೆಯಲ್ಲೇ ಅಚ್ಚಾಗಿರುತ್ತಿತ್ತು. ಈಗ ಅಲ್ಗಾರಿದಮ್, ಅಂದರೆ ಕಂಪನಿಯ ಕಂಪ್ಯೂಟರ್ ಲೆಕ್ಕಾಚಾರ, ತೀರ್ಮಾನಿಸುತ್ತದೆ. ಅದು ಏನನ್ನು ಕೆಳಗೆ ತಳ್ಳಿತು ಎಂದು ನಮಗೆ ಗೊತ್ತಾಗುವ ದಾರಿಯೇ ಇಲ್ಲ. ಇನ್ನೊಬ್ಬರ ಫೋನಿನಲ್ಲಿ ಕಾಣುವುದು ನಮ್ಮದರಲ್ಲಿ ಕಾಣುವುದಿಲ್ಲ, ಹಾಗಾಗಿ ಹೋಲಿಸಿ ನೋಡುವುದೂ ಕಷ್ಟ.

ಅದರ ಬಲ ಎಷ್ಟು ಎಂಬುದರ ಒಂದು ಸುಳಿವು 2010ರಲ್ಲಿ ಸಿಕ್ಕಿತು. ಅಮೆರಿಕದ ಚುನಾವಣೆಯ ದಿನ ಫೇಸ್‌ಬುಕ್ 6.1 ಕೋಟಿ ಜನರ ಮೇಲೆ ಒಂದು ಪ್ರಯೋಗ ನಡೆಸಿತು. ಕೆಲವರಿಗೆ ಬರೀ "ಮತ ಹಾಕಿ" ಎಂಬ ಸಂದೇಶ. ಬಹಳಷ್ಟು ಜನರಿಗೆ ಅದರ ಜೊತೆ, ಮತ ಹಾಕಿದೆ ಎಂದು ಹೇಳಿಕೊಂಡ ಅವರ ಸ್ನೇಹಿತರ ಫೋಟೊಗಳು. ಬರೀ ಸಂದೇಶದಿಂದ ಏನೂ ಆಗಲಿಲ್ಲ. ಸ್ನೇಹಿತರ ಮುಖ ಕೆಲಸ ಮಾಡಿತು. ಸುಮಾರು 3.4 ಲಕ್ಷ ಹೆಚ್ಚುವರಿ ಮತಗಳು ಬಿದ್ದವು ಎಂದು ಸಂಶೋಧಕರು ಅಂದಾಜು ಮಾಡಿದರು. ಈರಿ ಕೌಂಟಿಯಲ್ಲಿ ಕಂಡದ್ದೂ ಇದೇ ತಾನೆ, ಪರಿಚಯದವರ ಮಾತಿಗೆ ಬೆಲೆ ಜಾಸ್ತಿ ಅಂತ. ಆಗ ಆ ಮಾತು ಜನರ ನಡುವೆ ತಾನಾಗಿ ಹರಿಯುತ್ತಿತ್ತು. ಈಗ ಯಾವ ಸ್ನೇಹಿತನ ಮುಖ ಯಾರಿಗೆ ಯಾವಾಗ ತೋರಿಸಬೇಕು ಎಂಬುದು ಒಂದು ಕಂಪನಿಯ ಕೈಯಲ್ಲಿದೆ. ಇದು ಒಳ್ಳೆಯ ಕೆಲಸಕ್ಕೆ ಬಳಕೆಯಾಯಿತು ಎಂದು ನಾನು ಸಮಾಧಾನ ಪಡಲಾರೆ.

ತಪ್ಪೆಲ್ಲ ಕಂಪನಿಗಳದ್ದೇ ಎನ್ನಲೂ ಆಗದು. 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಿದಾಡಿದ ಸುಮಾರು 1,26,000 ಸುದ್ದಿಗಳನ್ನು ನೋಡಿದ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರಿಗೆ, ಸುಳ್ಳು ಸುದ್ದಿಯನ್ನು ಜನ ಮುಂದಕ್ಕೆ ಹಂಚುವ ಸಾಧ್ಯತೆ ನಿಜ ಸುದ್ದಿಗಿಂತ ಶೇಕಡಾ 70ರಷ್ಟು ಜಾಸ್ತಿ ಎಂದು ಕಂಡಿತು. ತಾವಾಗಿಯೇ ಸಂದೇಶ ಹಾಕುವ ಯಂತ್ರಖಾತೆಗಳು (ಬಾಟ್) ಎರಡನ್ನೂ ಒಂದೇ ಸಮನೆ ಹಂಚಿದವು. ಸುಳ್ಳನ್ನು ಓಡಿಸಿದವರು ಮನುಷ್ಯರು. ಸುಳ್ಳಿನಲ್ಲಿ ಹೊಸತನ ಇರುತ್ತದೆ, ಅದು ಅಚ್ಚರಿ ಹುಟ್ಟಿಸುತ್ತದೆ.

ಹಾಗಾದರೆ ಸರ್ಕಾರ ಏನೂ ಮಾಡಬಾರದೇ? ಮಾಡಬೇಕು, ಆದರೆ ಯಾವ ಸುದ್ದಿ ಬರಬೇಕು ಎಂಬುದಕ್ಕೆ ಕೈ ಹಾಕಬಾರದು. ಒಬ್ಬರ ಕೈಯಲ್ಲೇ ಎಲ್ಲ ಸೇರದಂತೆ ನೋಡಿಕೊಳ್ಳುವುದು ಕಾನೂನಿನ ಕೆಲಸ. ಪಶ್ಚಿಮ ಜರ್ಮನಿಯಲ್ಲಿ ಚಾನ್ಸೆಲರ್ ಅಡೆನಾವರ್ ಕೇಂದ್ರ ಸರ್ಕಾರದ ಹಿಡಿತದಲ್ಲಿರುವ ಟಿವಿ ಕಂಪನಿ ಶುರು ಮಾಡಲು ಹೊರಟಾಗ, 1961ರ ಫೆಬ್ರವರಿ 28ರಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ತಡೆಯಿತು. ಪ್ರಸಾರ ವ್ಯವಸ್ಥೆಯನ್ನು ಸರ್ಕಾರದ ಕೈಗೂ ಕೊಡುವಂತಿಲ್ಲ, ಯಾವುದೇ ಒಂದು ಗುಂಪಿನ ಕೈಗೂ ಕೊಡುವಂತಿಲ್ಲ ಎಂದಿತು. ನಾಜಿಗಳ ರೇಡಿಯೊ ಕೇಳಿ ಬದುಕಿದ್ದ ದೇಶಕ್ಕೆ ಈ ಎಚ್ಚರ ಪುಸ್ತಕದಿಂದ ಬಂದದ್ದಾಗಿರಲಿಲ್ಲ. ಭಾರತದ ಸುಪ್ರೀಂ ಕೋರ್ಟ್ 1995ರಲ್ಲಿ, ಕ್ರಿಕೆಟ್ ಪಂದ್ಯದ ಪ್ರಸಾರದ ಜಗಳದಿಂದ ಶುರುವಾದ ಪ್ರಕರಣದಲ್ಲಿ, ಆಕಾಶದ ತರಂಗಗಳು ಸಾರ್ವಜನಿಕರ ಸ್ವತ್ತು, ಅವುಗಳ ಮೇಲೆ ಸರ್ಕಾರದ ಏಕಸ್ವಾಮ್ಯ ಕೂಡದು ಎಂದು ಹೇಳಿತು. ಮಾತಾಡುವವನ ಹಕ್ಕಿನ ಜೊತೆ ಕೇಳುವವನ ಹಕ್ಕನ್ನೂ ಆ ತೀರ್ಪು ಎತ್ತಿ ಹಿಡಿಯಿತು. ನಾವು ಪತ್ರಿಕಾ ಸ್ವಾತಂತ್ರ್ಯ ಅಂದರೆ ಪತ್ರಕರ್ತರ ಸವಲತ್ತು ಎಂದುಕೊಳ್ಳುತ್ತೇವೆ. ಅದು ಮೊದಲು ಓದುಗರದು, ಕೇಳುಗರದು. ತಿಳಿಯುವ ಹಕ್ಕು ಕಿತ್ತುಕೊಂಡ ಮೇಲೆ ಮತಗಟ್ಟೆಯಲ್ಲಿ ನಮಗೆ ಎಷ್ಟೇ ಗುಂಡಿಗಳನ್ನು ಕೊಟ್ಟರೂ ಆಯ್ಕೆ ಎಂಬುದು ಬರೀ ಹೆಸರಿಗೆ.

ಹಾಗಾಗಿ ನಾನು ಕಾನೂನಿನಿಂದ ಬಯಸುವುದು ಇಷ್ಟು. ಯಾವ ಮಾಧ್ಯಮದ ನಿಜವಾದ ಮಾಲೀಕ ಯಾರು, ಅವರ ಬೇರೆ ವ್ಯವಹಾರಗಳು ಏನು ಎಂಬುದು ಬಹಿರಂಗವಾಗಿರಲಿ. ಸರ್ಕಾರಿ ಜಾಹೀರಾತು ಹಂಚುವ ಲೆಕ್ಕ ಬಹಿರಂಗವಾಗಿರಲಿ. ಒಬ್ಬರೇ ಎಷ್ಟು ಕೊಳ್ಳಬಹುದು ಎಂಬುದಕ್ಕೆ ಮಿತಿ ಇರಲಿ. ಜಾಲತಾಣ ಕಂಪನಿಗಳು ತಮ್ಮ ಲೆಕ್ಕಾಚಾರವನ್ನು ಸ್ವತಂತ್ರ ಸಂಶೋಧಕರಿಗೆ ತೋರಿಸಲಿ. ಇದಕ್ಕಿಂತ ಮುಂದೆ ಹೋಗಿ "ಇದು ನಿಜ, ಇದು ಸುಳ್ಳು" ಎಂದು ಮುದ್ರೆ ಒತ್ತುವ ಅಧಿಕಾರ ಸರ್ಕಾರಕ್ಕೆ ಬೇಡ. ತಪ್ಪು ಮಾಡುವ ಪತ್ರಿಕೆಗಳು ಇದ್ದೇ ಇರುತ್ತವೆ. ಅಮೆರಿಕದ ಸುಪ್ರೀಂ ಕೋರ್ಟ್ 1964ರ ಸಲಿವನ್ ಪ್ರಕರಣದಲ್ಲಿ ಒಪ್ಪಿಕೊಂಡ ಹಾಗೆ, ಮುಕ್ತ ಚರ್ಚೆಯಲ್ಲಿ ಒಂದಷ್ಟು ತಪ್ಪು ಮಾತು ಬಂದೇ ಬರುತ್ತದೆ. ಅಧಿಕಾರಿಗಳ ಬಗ್ಗೆ ಆಡಿದ ಪ್ರತಿ ತಪ್ಪಿಗೂ ದಂಡ ಹಾಕುತ್ತಾ ಹೋದರೆ ನಿಜ ಹೇಳುವವರೂ ಬಾಯಿ ಮುಚ್ಚುತ್ತಾರೆ.

ನೀವು ಕೇಳದಿದ್ದರೂ ಕೊನೆಗೆ ಒಂದು ಮಾತು, ಯಾಕೆಂದರೆ ಇದು ನಿಮ್ಮ ಕೈಯಲ್ಲಿದೆ. ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ ಎಂಬ ಸಂಶೋಧಕರು ಇತಿಹಾಸದ ವಿದ್ವಾಂಸರು, ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು ಮತ್ತು ವೃತ್ತಿಪರ ಸತ್ಯಶೋಧಕರಿಗೆ ಅಪರಿಚಿತ ವೆಬ್‌ಸೈಟುಗಳನ್ನು ಕೊಟ್ಟು, ಇವನ್ನು ನಂಬಬಹುದೇ ಎಂದು ಕೇಳಿದರು. ವಿದ್ವಾಂಸರಲ್ಲೂ ಹಲವರು ಆ ಪುಟದಲ್ಲೇ ಕೂತು ಗಮನವಿಟ್ಟು ಓದಿ, ಅದರ ಅಂದದ ವಿನ್ಯಾಸ, ಗಂಭೀರ ಹೆಸರು ನೋಡಿ ಮೋಸ ಹೋದರು. ಸತ್ಯಶೋಧಕರು ತಕ್ಷಣ ಆ ಪುಟ ಬಿಟ್ಟು ಹೊರಗೆ ಬಂದರು. ಪಕ್ಕದಲ್ಲಿ ಹೊಸ ಕಿಟಕಿ ತೆರೆದು, ಇದರ ಹಿಂದೆ ಇರುವವರು ಯಾರು, ಇವರ ಬಗ್ಗೆ ಬೇರೆಯವರು ಏನು ಹೇಳಿದ್ದಾರೆ ಎಂದು ಹುಡುಕಿದರು. ಕಡಿಮೆ ಓದಿ, ಬೇಗ ಸರಿಯಾದ ತೀರ್ಮಾನಕ್ಕೆ ಬಂದರು.

ಬರದೇ ಇದ್ದ ಸುದ್ದಿಯನ್ನು ಹಿಡಿಯಲೂ ಇದೇ ದಾರಿ. ನಿಮ್ಮ ಬದುಕಿಗೆ ನೇರವಾಗಿ ತಾಗುವ ಒಂದೇ ಒಂದು ವಿಷಯ ಆರಿಸಿಕೊಳ್ಳಿ: ನೀರು, ಶಾಲೆ, ಆಸ್ಪತ್ರೆ, ಕೆಲಸ, ಯಾವುದಾದರೂ ಸರಿ. ಒಂದು ವಾರ ನಿಮ್ಮ ಇಷ್ಟದ ಚಾನೆಲ್ ಅದರ ಬಗ್ಗೆ ಎಷ್ಟು ನಿಮಿಷ ಮಾತಾಡಿತು ಎಂದು ಬರೆದಿಡಿ. ಅದೇ ವಾರ ನಿಮಗೆ ಇಷ್ಟವಿಲ್ಲದ ಒಂದು ಪತ್ರಿಕೆಯಲ್ಲಿ, ಒಂದು ಚಿಕ್ಕ ಸ್ವತಂತ್ರ ಸುದ್ದಿ ಸಂಸ್ಥೆಯಲ್ಲಿ ಅದರ ಬಗ್ಗೆ ಏನು ಬಂದಿದೆ ನೋಡಿ. ಆ ಚಿಕ್ಕ ಸಂಸ್ಥೆ ನಿಮಗೆ ಗೊತ್ತಿರದ ಏನನ್ನಾದರೂ ತಿಳಿಸಿದ್ದರೆ ಅದಕ್ಕೆ ಚಂದಾ ಕಟ್ಟಿ. ನಿಮ್ಮ ಸುತ್ತಲಿನವರ ಅಭಿಪ್ರಾಯ ಎಲ್ಲಿಂದ ಬಂತು ಎಂದು ಕೇಳುವುದನ್ನು ಆಮೇಲೆ ಇಟ್ಟುಕೊಳ್ಳಬಹುದು.